ಮಿಠಾಯಿ ಡಬ್ಬಿಯ ಆಟಗಾರ



ಬಬಲ್ ಗಮ್ ಜೊತೆಗೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳನ್ನು ಕೂಡಿಟ್ಟವರು ನಿಮ್ಮ ಮನೆಯಲ್ಲೇ ಇರಬಹುದು. ಅಣ್ಣನನ್ನೋ ಚಿಕ್ಕಪ್ಪನನ್ನೋ ಕೇಳಿ ನೋಡಿ. ಅಂಥದೇ ಒಂದು ಚೀಟಿಯ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ. ಅದು ಅಮೆರಿಕದ್ದು, ಆಟ ಬೇಸ್‌ಬಾಲ್.

1914ರಲ್ಲಿ ಕ್ರ್ಯಾಕರ್ ಜ್ಯಾಕ್ ಎಂಬ ತಿನಿಸಿನ ಡಬ್ಬಿಯೊಳಗೆ ಆಟಗಾರರ ಕಾರ್ಡುಗಳನ್ನು ಹಾಕಿ ಮಾರಿದರು. ಜೋಳದ ಅರಳು, ಕಡಲೆಕಾಯಿ ಬೀಜ, ಮೇಲೆ ಬೆಲ್ಲದಂಥ ಪಾಕ. ಆ ಪಾಕವೇ ಕಾರ್ಡಿಗೆ ಶತ್ರುವಾಯಿತು. ತೆಳು ಕಾಗದಕ್ಕೆ ಅಂಟಿ ಕಲೆಯಾಯಿತು. ಉಳಿದದ್ದನ್ನು ಮಕ್ಕಳು ಮುಗಿಸಿದರು. ಮರುವರ್ಷ ಅಂಚೆಯ ಮೂಲಕ ಇಡೀ ಸರಣಿಯನ್ನು ತರಿಸಿಕೊಳ್ಳುವ ಏರ್ಪಾಡಾದ್ದರಿಂದ 1915ರ ಕಾರ್ಡುಗಳು ಹೆಚ್ಚು ಶುಭ್ರವಾಗಿ ಸಿಗುತ್ತವೆ. ಕಲೆಯಿಲ್ಲದ 1914ರ ಕಾರ್ಡು ಮಾತ್ರ ಬಲು ಅಪರೂಪ.

ಅದರಲ್ಲಿ 103ನೆಯದು ಜೋ ಜಾಕ್ಸನ್‌ನದು. ಕೆಂಪು ಹಿನ್ನೆಲೆಯ ಮೇಲೆ ಕ್ಲೀವ್‌ಲ್ಯಾಂಡ್ ತಂಡದ ಯುವಕನ ಚಿತ್ರ, ಹಿಂಬದಿಯಲ್ಲಿ ಆತನ ಬಗ್ಗೆ ನಾಲ್ಕಾರು ಸಾಲು. ಆ ಸಾಲುಗಳನ್ನು ಜಾಕ್ಸನ್ ಓದಲಾರದವನಾಗಿದ್ದ. ದಕ್ಷಿಣ ಕೆರೋಲಿನಾದ ಗ್ರೀನ್‌ವಿಲ್‌ನಲ್ಲಿ ಚಿಕ್ಕಂದಿನಲ್ಲೇ ಬಟ್ಟೆ ಗಿರಣಿಗೆ ಸೇರಿದವನು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಭಿಮಾನಿಗಳು ಸಹಿ ಕೇಳಿದರೆ ಬಹುಪಾಲು ಹೆಂಡತಿ ಕೇಟಿಯೇ ಹಾಕಿಕೊಡುತ್ತಿದ್ದಳು. ಹೊಸ ಬೂಟು ಕಚ್ಚಿ ಬೊಬ್ಬೆಯೆದ್ದಾಗ ಒಮ್ಮೆ ಕಾಲುಚೀಲದಲ್ಲೇ ಆಡಿದನಂತೆ. ‘ಶೂಲೆಸ್’, ಅಂದರೆ ಬೂಟಿಲ್ಲದ ಜೋ ಎಂಬ ಹೆಸರು ಅಂಟಿಕೊಂಡಿತು. ಆದರೆ ದಾಂಡು ಹಿಡಿದರೆ ಆತನಿಗೆ ಸಮನಾದವರು ವಿರಳ. 1911ರಲ್ಲಿ ಆತನ ಸರಾಸರಿ 0.408. ಅಂದರೆ ಸಾವಿರ ಅವಕಾಶಕ್ಕೆ 408 ಯಶಸ್ವಿ ಹೊಡೆತಗಳ ಲೆಕ್ಕ.

ಕಾರ್ಡು ಅಚ್ಚಾದ ಐದು ವರ್ಷಕ್ಕೆ ಅನಾಹುತ ನಡೆಯಿತು. 1919ರ ವರ್ಲ್ಡ್ ಸೀರೀಸ್. ಜಾಕ್ಸನ್ ಆಗ ಷಿಕಾಗೋ ವೈಟ್ ಸಾಕ್ಸ್ ತಂಡದಲ್ಲಿದ್ದ. ಗೆಲ್ಲಬೇಕಿದ್ದ ಆ ತಂಡ ಸಿನ್ಸಿನಾಟಿಗೆ 5-3ರಿಂದ ಸೋತಿತು. ಜೂಜುಕೋರರಿಂದ ಹಣ ಪಡೆದು ಬೇಕೆಂದೇ ಸೋತರೆಂದು ಎಂಟು ಆಟಗಾರರ ಮೇಲೆ ಆಪಾದನೆ ಬಂತು.

ಜಾಕ್ಸನ್ ತಪ್ಪಿತಸ್ಥನೇ? ಇಲ್ಲಿ ನೀವೇ ನ್ಯಾಯಾಧೀಶರಾಗಿ. 1920ರ ಸೆಪ್ಟೆಂಬರಿನಲ್ಲಿ ಗ್ರ್ಯಾಂಡ್ ಜ್ಯೂರಿಯ ಮುಂದೆ ಆತ 5,000 ಡಾಲರ್ ಪಡೆದದ್ದನ್ನು ಒಪ್ಪಿಕೊಂಡ. ವರ್ಷದ ಸಂಬಳವೇ ಸುಮಾರು 6,000 ಡಾಲರ್ ಇದ್ದವನಿಗೆ ಇದು ಸಣ್ಣ ಮೊತ್ತವಲ್ಲ. ಅದೇ ಹೇಳಿಕೆಯಲ್ಲಿ, ತಾನು ಗೆಲ್ಲಲೆಂದೇ ಆಡಿದೆ ಎಂದೂ ಹೇಳಿದ. ಲೆಕ್ಕ ಆತನ ಪರವಾಗಿಯೇ ಇದೆ: ಸರಣಿಯಲ್ಲಿ 12 ಹೊಡೆತ, 0.375 ಸರಾಸರಿ, ಇಡೀ ಸರಣಿಯ ಏಕೈಕ ಹೋಮ್ ರನ್. ಆದರೆ ಎದುರುವಾದಿಗಳು ಸುಮ್ಮನಿಲ್ಲ. ಮೊದಲ ಐದು ಪಂದ್ಯಗಳಲ್ಲಿ ಆತನ ಹೊಡೆತದಿಂದ ಒಬ್ಬ ಜೊತೆಗಾರನೂ ಓಟ ಪೂರೈಸಲಿಲ್ಲವಲ್ಲ ಎನ್ನುತ್ತಾರೆ. ಅದೂ ನಿಜವೇ. ನನಗನ್ನಿಸುವುದು ಇಷ್ಟು: ಹಣ ಮುಟ್ಟಿದ್ದು ತಪ್ಪು, ಅದರಲ್ಲಿ ಸಂದೇಹವಿಲ್ಲ, ಬೇಕೆಂದು ಸೋಲಿಸಿದನೆಂಬುದಕ್ಕೆ ಮಾತ್ರ ಆಧಾರ ಗಟ್ಟಿಯಿಲ್ಲ.

1921ರ ಆಗಸ್ಟ್ 2ರಂದು ನ್ಯಾಯಾಲಯದ ಜ್ಯೂರಿ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಮರುದಿನವೇ ಬೇಸ್‌ಬಾಲ್ ಆಯುಕ್ತ ಕೆನೆಸಾ ಮೌಂಟನ್ ಲ್ಯಾಂಡಿಸ್, ತೀರ್ಪು ಏನೇ ಇರಲಿ ಎಂದು ಎಂಟೂ ಮಂದಿಯನ್ನು ಆಟದಿಂದ ಶಾಶ್ವತವಾಗಿ ಹೊರಗಿಟ್ಟ. ಜಾಕ್ಸನ್ ಕೊನೆಗೆ ಗ್ರೀನ್‌ವಿಲ್‌ನಲ್ಲಿ ಮದ್ಯದಂಗಡಿ ನಡೆಸಿ 1951ರಲ್ಲಿ ತೀರಿಕೊಂಡ.

ವಿಚಿತ್ರ ನೋಡಿ. ಕಳಂಕ ಹೊತ್ತವನ ಕಾರ್ಡಿನ ಬೆಲೆ ಇಳಿಯಬೇಕಿತ್ತು, ಏರಿತು. ಚೆನ್ನಾಗಿ ಉಳಿದ ಪ್ರತಿಗಳು ಹರಾಜಿನಲ್ಲಿ ಲಕ್ಷ ಡಾಲರನ್ನೂ ದಾಟಿವೆ. ಕೊಳ್ಳುವವರಿಗೆ ಆತನ ಆಟದ ಮೇಲಿನ ಪ್ರೀತಿಯೋ, ವಿವಾದದ ರುಚಿಯೋ? ಎರಡೂ ಇರಬೇಕು. ಆತ ಅಕ್ಷರಗಳ ಆಕಾರವನ್ನು ನೋಡಿ ಪ್ರಯಾಸದಿಂದ ಬರೆಯುತ್ತಿದ್ದ ಸಹಿಗಂತೂ ಕಾರ್ಡಿಗಿಂತಲೂ ಹೆಚ್ಚಿನ ಬೆಲೆ. ಆತನೇ ಸಹಿ ಮಾಡಿದ 1911ರ ಒಂದು ಛಾಯಾಚಿತ್ರ 2021ರಲ್ಲಿ 14 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು.

2025ರ ಮೇ ತಿಂಗಳಲ್ಲಿ, ತೀರಿಕೊಂಡ ಆಟಗಾರರ ಮೇಲಿನ ನಿಷೇಧ ಅವರ ಸಾವಿನೊಂದಿಗೇ ಮುಗಿಯುತ್ತದೆಂದು ಆಗಿನ ಆಯುಕ್ತ ರಾಬ್ ಮ್ಯಾನ್‌ಫ್ರೆಡ್ ಘೋಷಿಸಿದರು. ಜಾಕ್ಸನ್‌ನ ಹೆಸರು ಪಟ್ಟಿಯಿಂದ ಹೊರಬಂತು. ಸತ್ತು 73 ವರ್ಷಗಳ ಮೇಲೆ, ಕೀರ್ತಿಭವನವಾದ ಹಾಲ್ ಆಫ್ ಫೇಮ್‌ಗೆ ಆತನ ಹೆಸರನ್ನು ಪರಿಶೀಲಿಸಲು ದಾರಿ ತೆರೆಯಿತು.