ಕುಸುಬಿ ಹೊಲದ ಮುಳ್ಳು, ಶಿಲುಬೆಯ ಹಬ್ಬ

(ಪವಿತ್ರ ಶಿಲುಬೆಯ ವಿಜಯೋತ್ಸವದ ಪ್ರಬೋಧನೆ)



335ರಲ್ಲಿ ಜೆರುಸಲೇಮಿನಲ್ಲಿ, ಕಲ್ವಾರಿ ಹಾಗೂ ಪ್ರಭುವಿನ ಸಮಾಧಿಯ ಸ್ಥಳದಲ್ಲಿ ಕಟ್ಟಿದ ದೇವಾಲಯದ ಪ್ರತಿಷ್ಠೆಯಾಯಿತು. ಸೆಪ್ಟೆಂಬರ್ 14ರ ಈ ಹಬ್ಬದ ಮೂಲ ಅದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮಗೆ ಇವು ಹಿಂಗಾರಿ ಬಿತ್ತನೆಗೆ ಎರಿ ಹೊಲ ಹದ ಮಾಡುವ ದಿನಗಳೂ ಹೌದು. ಬಿಳಿಜೋಳದ ಬೀಜದ ಜೊತೆಗೆ ನಮ್ಮ ಹಿರಿಯರು ಕುಸುಬಿ ಬೀಜವನ್ನೂ ಹೊಲಕ್ಕೆ ಒಯ್ಯುತ್ತಿದ್ದರು.

ಕುಸುಬಿ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದೇ ಗಿಡ. ಎಳೆಯದಿದ್ದಾಗ ಅದರ ಎಲೆ ಪಲ್ಯಕ್ಕೆ ಆಗುತ್ತದೆ. ಬೆಳೆದಂತೆ ಎಲೆಯಂಚೆಲ್ಲ ಮುಳ್ಳು. ಆ ಮುಳ್ಳಿನ ನಡುವೆ ಹಳದಿ ಹೂ ಅರಳಿ, ಬಾಡುವಾಗ ಕೆಂಪಾಗುತ್ತದೆ. ರಾಸಾಯನಿಕ ಬಣ್ಣ ಬರುವ ಮುಂಚೆ ಅನೇಕ ನಾಡುಗಳಲ್ಲಿ ಬಟ್ಟೆಗೆ ಕೆಂಪು ಹಾಕುತ್ತಿದ್ದುದು ಈ ಹೂವಿನಿಂದಲೇ. ಮಗ್ಗದ ಊರಾದ ಬನಹಟ್ಟಿಯವರಿಗೆ ಈ ಮಾತು ರುಚಿಸೀತು. ಬೀಜದಿಂದ ಅಡುಗೆಯ ಎಣ್ಣೆ, ಹಬ್ಬಕ್ಕೆ ಕುಸುಬಿ ಹಾಲಿನ ಹುಗ್ಗಿ. ದನಕರು ನುಗ್ಗದಂತೆ ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಹಾಕಿದರೆ ಸಾಕು, ಅದೇ ಬೇಲಿ.

ಆದರೆ ಕೊಯ್ಯುವವರು ಯಾರು? ಮಾಗಿದ ಕುಸುಬಿಯನ್ನು ಬಿಸಿಲೇರಿದ ಮೇಲೆ ಮುಟ್ಟಲಾಗದು. ಇಬ್ಬನಿಗೆ ಮುಳ್ಳು ಮೆತ್ತಗಾಗಿರುವ ನಸುಕಿನಲ್ಲೇ, ಕೈಗೆ ಬಟ್ಟೆ ಸುತ್ತಿಕೊಂಡು ಕೊಯ್ಯಬೇಕು. ಆ ಚಳಿಯಲ್ಲಿ ಹೊಲಕ್ಕೆ ಹೋಗುತ್ತಿದ್ದವರಲ್ಲಿ ಬಹಳ ಮಂದಿ ಕೂಲಿಯ ಹೆಣ್ಣುಮಕ್ಕಳು. ಎಣ್ಣೆ ಒಬ್ಬರ ಮನೆಗೆ, ಮುಳ್ಳು ಇನ್ನೊಬ್ಬರ ಕೈಗೆ. ಈ ಲೆಕ್ಕ ನಮಗೆ ಎಂದೂ ವಿಚಿತ್ರವೆನಿಸಲಿಲ್ಲ.

ಈಗ ಕುಸುಬಿ ಬಹಳ ಕಡಿಮೆಯಾಗಿದೆ. 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ನೀರು ಬಂದಲ್ಲಿ ಕಬ್ಬು ಬಂತು. ಬೀಳಗಿ ಕಡೆಯ ಹಲವು ಹೊಲಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದವು. ಅಗ್ಗದ ತಾಳೆ ಎಣ್ಣೆ ಅಂಗಡಿಗೆ ಬಂತು, ಮುಳ್ಳಿಗೆ ಕೈ ಹಾಕುವ ಆಳು ಸಿಗದಾಯಿತು. ಮಹಾರಾಷ್ಟ್ರದ ಫಲಟಣದಲ್ಲಿ ವಿಜ್ಞಾನಿಗಳು ಮುಳ್ಳಿಲ್ಲದ ತಳಿಯನ್ನೂ ಬೆಳೆಸಿದ್ದಾರೆ. ಒಳ್ಳೆಯದೇ ಆಯಿತು. ಬೇಲಿಯ ಸಾಲಿಗೆ ಮಾತ್ರ ಅದು ಆಗದು, ಅಷ್ಟೆ. ಶಿಲುಬೆಯ ಹೆಸರು ಹೇಳಿ ಬಡವರ ನೋವನ್ನು ಹೊಗಳುವ ಚಾಳಿ ನಮ್ಮ ಗುರುಗಳಲ್ಲೂ ಇದೆ, ನಾವೂ ಹೊರತಲ್ಲ. ಕೂಲಿಯವಳ ಕೈಗೆ ಮುಳ್ಳು ಚುಚ್ಚಲಿ ಎಂದು ದೇವರು ಬಯಸಿದವರಲ್ಲ.

ಆದಿಕಾಂಡದ ಮೂರನೆಯ ಅಧ್ಯಾಯ ನೆನಪಿಸಿಕೊಳ್ಳಿ. ಪಾಪದ ನಂತರ ಆದಾಮನ ಹೊಲದಲ್ಲಿ ಹುಟ್ಟಿದ್ದು ಮುಳ್ಳು. ಆ ಮುಳ್ಳನ್ನು ಯೇಸುಸ್ವಾಮಿ ಬೇರೆಯವರ ಕೈಗೆ ದಾಟಿಸಲಿಲ್ಲ. ಕಿರೀಟವಾಗಿ ತಮ್ಮ ತಲೆಯ ಮೇಲೆಯೇ ಹೊತ್ತರು. ಇಂದಿನ ಎರಡನೆಯ ವಾಚನದಲ್ಲಿ ಸಂತ ಪೌಲರು ಫಿಲಿಪ್ಪಿಯರಿಗೆ ಹೇಳುವುದೂ ಇದನ್ನೇ: ದೇವಸ್ವರೂಪಿಯಾದವರು ದಾಸನಾಗಿ, ಶಿಲುಬೆಯ ಮರಣದವರೆಗೂ ಇಳಿದು ಬಂದರು. ಹಾಗಾದರೆ ನಮ್ಮ ಮನೆಯಲ್ಲಿ ಮುಳ್ಳಿನ ಕೆಲಸ ಯಾರ ಪಾಲಿಗೆ ಬಿದ್ದಿದೆ? ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆಯುವವರು ಯಾರು? ಕುಡಿದು ಬಂದ ಮಗನಿಗೆ ನಡುರಾತ್ರಿ ಬಾಗಿಲು ತೆಗೆಯುವವರು ಯಾರು? ಕಬ್ಬು ಕಡಿಯಲು ಬಂದು ನಮ್ಮೂರ ಹೊರಗೆ ಗುಡಿಸಲು ಹಾಕಿಕೊಂಡವರ ಮಕ್ಕಳ ಶಾಲೆಯ ಚಿಂತೆ ಯಾರದು? ಹೆಚ್ಚಾಗಿ ಎಲ್ಲದಕ್ಕೂ ಒಬ್ಬಳೇ ಅವ್ವ, ಇಲ್ಲವೇ ಯಾರೂ ಇಲ್ಲ.

ರೋಗಿಗಳ ಅಭ್ಯಂಗಕ್ಕೆ ಆಲಿವ್ ಎಣ್ಣೆ ಸಿಗದಿದ್ದರೆ ಬೇರೆ ಸಸ್ಯದ ಎಣ್ಣೆಯನ್ನೂ ಬಳಸಬಹುದೆಂದು ಆರನೆಯ ಪೌಲ್ ಜಗದ್ಗುರುಗಳು 1972ರಲ್ಲಿ ಅನುಮತಿ ಕೊಟ್ಟರು. ಈ ಸಂಸ್ಕಾರದಲ್ಲಿ ನಾವು ಎಣ್ಣೆ ಹಚ್ಚುವುದು ಹಣೆಗೆ ಮತ್ತು ಕೈಗಳಿಗೆ. ನಮ್ಮ ಕಡೆಯ ಮುದುಕಿಯರ ಮುಂದೆ ಕೂತು ಕೈ ಚಾಚಿ ಎಂದಾಗ ಅವರು ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. ಬಿರುಸಾದ, ಒಡೆದ ಕೈಗಳು. ಈ ವಾರ ಮನೆಗೆ ಹೋದಾಗ ಆ ಕೈಗಳನ್ನು ಒಮ್ಮೆ ಹಿಡಿದು ನೋಡಿ. ಅವರು ಹಿಂದಕ್ಕೆ ಎಳೆದುಕೊಂಡರೂ ಬಿಡಬೇಡಿ.