ಅಟ್ಟದ ಮೇಲಿನ ಸಾಮಾನು: ಯಾವುದು, ಯಾತಕ್ಕೆ?

(ಸಂಘದ ಬೆಳ್ಳಿಹಬ್ಬದ ಎರಡನೇ ದಿನ ಗೋದಾಮಿನಲ್ಲಿ ಏರ್ಪಡಿಸಿದ್ದ ಹಳೆಯ ಸಲಕರಣೆಗಳ ಪ್ರದರ್ಶನದ ಸಂದರ್ಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಷೇರು, ಠೇವಣಿ, ಸಾಲ ವಸೂಲಿ ಇವುಗಳ ಲೆಕ್ಕವನ್ನೆಲ್ಲ ಕಾರ್ಯದರ್ಶಿಗಳು ನಿನ್ನೆಯೇ ಓದಿ ಮುಗಿಸಿದ್ದಾರೆ. ಇವತ್ತು ನಮ್ಮ ಪಾಲಿಗೆ ಬಂದಿರೋದು ಗೊಬ್ಬರದ ಗೋದಾಮಿನಲ್ಲಿ ಜೋಡಿಸಿಟ್ಟಿರುವ ಹಳೇ ಸಾಮಾನಿನ ವಿಚಾರ. ಮೂರು ತಿಂಗಳ ಹಿಂದೆ ಮಂಡಳಿ ಸಭೆಯಲ್ಲಿ ಈ ಮಾತು ಎತ್ತಿದಾಗ "ಗುಜರಿ ಅಂಗಡಿ ಇಡ್ತೀರೇನಪ್ಪಾ" ಅಂತ ನಕ್ಕವರೂ ಉಂಟು. ಈಗ ಒಳಗೆ ಹೋಗಿ ನೋಡಿ, ಕಾಲಿಡೋಕೆ ಜಾಗ ಇಲ್ಲ. ಆದರೆ ಒಂದು ಸಂಗತಿ ನಮ್ಮನ್ನು ಬೆಚ್ಚಿಬೀಳಿಸಿತು. ತಂದುಕೊಟ್ಟವರಲ್ಲಿ ಅರ್ಧ ಜನಕ್ಕೆ ತಾವು ತಂದದ್ದು ಏನು ಅನ್ನೋದೇ ಗೊತ್ತಿರಲಿಲ್ಲ. "ಅಟ್ಟದ ಮೇಲಿತ್ತು, ನಮ್ಮ ತಾತನ ಕಾಲದ್ದು" ಅಂದರು, ಅಷ್ಟೇ.

ಅದಕ್ಕೆ ಅವರನ್ನು ದೂರಿ ಫಲವಿಲ್ಲ. ಟಿಲ್ಲರು, ಸ್ಪ್ರೇಯರು, ಮೋಟಾರು ಪಂಪು ಇವಕ್ಕೆಲ್ಲ ಸಾಲ ಕೊಟ್ಟಿದ್ದು ನಮ್ಮ ಸಂಘವೇ. ಹಳೇ ಸಾಮಾನು ಅಟ್ಟ ಹತ್ತಿದ್ದರಲ್ಲಿ ಸಂಘದ ಕೈಯೂ ಇದೆ. ಆ ಬಗ್ಗೆ ನಮಗೆ ಬೇಸರವೇನೂ ಇಲ್ಲ ಅನ್ನೋದನ್ನು ಮೊದಲೇ ಹೇಳಿಬಿಡ್ತೀವಿ. ಬೆಳಗಿನ ಜಾವ ಎದ್ದು ಕಪಿಲೆ ಹೊಡೆದವರ, ದಿನವಿಡೀ ಬಗ್ಗಿ ಕಳೆ ತೆಗೆದವರ ಸೊಂಟದ ನೋವು ಹಾಡಿನಲ್ಲಿ ಚೆಂದ, ಮೈಯಲ್ಲಿ ಚೆಂದವಲ್ಲ. ಆ ಕಾಲ ವಾಪಸು ಬರಲಿ ಅಂತ ಈ ಪ್ರದರ್ಶನ ಇಟ್ಟಿಲ್ಲ. ಹೆಸರು ಗೊತ್ತಿಲ್ಲದ ಸಾಮಾನು ಮನೆಯಲ್ಲಿ ಉಳಿಯೋದಿಲ್ಲ, ಅದಕ್ಕೇ ಇಟ್ಟಿದ್ದು. ಮರದ್ದಾದರೆ ನೀರೊಲೆಗೆ ಹೋಗುತ್ತೆ, ಕಬ್ಬಿಣದ್ದಾದರೆ ಗುಜರಿಯವನ ತಕ್ಕಡಿಗೆ ಹೋಗುತ್ತೆ. ಸ್ವಲ್ಪ ನೋಡೋಕೆ ಚೆಂದ ಇದ್ದರೆ ಪಟ್ಟಣದಿಂದ ಕಾರಿನಲ್ಲಿ ಬರೋರು ಕೇಳಿದಷ್ಟಕ್ಕೆ ಎತ್ತಿಕೊಂಡು ಹೋಗ್ತಾರೆ. ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ನೊಗಕ್ಕೆ ಬಲ್ಬು ಜೋತುಹಾಕಿರೋದನ್ನು ನಾವೇ ಕಂಡಿದ್ದೇವೆ. ಸರ್ವರ್ ಹುಡುಗನನ್ನು ಕೇಳಿದರೆ "ಡಿಸೈನ್ ಸಾರ್" ಅಂದ.

ಹಾಗಾದರೆ ಗುರುತು ಹಿಡಿಯೋದು ಹೇಗೆ? ನಾವೇನೂ ಇದನ್ನು ಓದಿ ಕಲಿತವರಲ್ಲ. ಮೂರು ತಿಂಗಳು ಮನೆಮನೆ ತಿರುಗಿ, ಹಿರಿಯರ ಕೈಗೆ ಕೊಟ್ಟು, ಅವರು ಹೇಗೆ ಹಿಡೀತಾರೆ ಅಂತ ನೋಡಿ ತಿಳಿದುಕೊಂಡದ್ದು. ಒಂದು ಮಾತು ಗಟ್ಟಿಯಾಗಿ ಹೇಳಬಹುದು. ಸಾಮಾನಿನ ಆಕಾರಕ್ಕಿಂತ ಅದರ ಸವೆತ ಹೆಚ್ಚು ನಿಜ ಹೇಳುತ್ತೆ. ಕೈ ಎಲ್ಲಿ ಹಿಡಿದಿತ್ತು, ಹಗ್ಗ ಎಲ್ಲಿ ತಿಂದಿದೆ, ಮಣ್ಣು ಎಲ್ಲಿ ಉಜ್ಜಿದೆ, ಬೆಂಕಿ ಎಲ್ಲಿ ತಾಗಿದೆ, ಇಷ್ಟು ನೋಡಿದರೆ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಮೂರು ಬಿದಿರಿನ ಕೊಳವೆ ಇವೆ. ದೂರದಿಂದ ಮೂರೂ ಒಂದೇ ಜಾತಿ. ಹೈಸ್ಕೂಲು ಮಕ್ಕಳನ್ನು ಕೇಳಿದರೆ ಒಬ್ಬ ಕೊಳಲು ಅಂದ, ಇನ್ನೊಬ್ಬ ಪಿಚಕಾರಿ ಅಂದ. ಕೈಗೆ ತಗೊಂಡು ತಿರುಗಿಸಿ ನೋಡಿ.

ಮೊದಲನೆಯದು ಎರಡೂ ಕಡೆ ತೂತು. ಒಂದು ತುದಿ ಕರಕಲಾಗಿದೆ, ಇನ್ನೊಂದು ತುದಿ ತುಟಿ ತಾಗಿ ತಾಗಿ ನುಣ್ಣಗಾಗಿದೆ. ಇದು ಒಲೆ ಊದುವ ಊದುಗೊಳವೆ. ಐವತ್ತು ದಾಟಿದ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ.

ಎರಡನೆಯದಕ್ಕೆ ಒಂದು ಕಡೆ ಗೆಣ್ಣು ಹಾಗೇ ಇದೆ, ಅಂದರೆ ತಳ ಮುಚ್ಚಿದೆ. ಇನ್ನೊಂದು ಕಡೆ ಓರೆಯಾಗಿ ಕೊಯ್ದಿದ್ದಾರೆ. ಬಿದಿರನ್ನು ಕೊಯ್ದರೆ ಅಂಚು ಕತ್ತಿಯ ಹಾಗೆ ಇರುತ್ತೆ, ಆದರೆ ಇದರ ಅಂಚನ್ನು ಬೇಕು ಅಂತಲೇ ಉಜ್ಜಿ ಮೊಂಡು ಮಾಡಿದ್ದಾರೆ. ಯಾಕೆ? ಇನ್ನೊಂದು ಜೀವದ ಬಾಯೊಳಕ್ಕೆ ಹೋಗುವ ಸಾಮಾನು ಇದು. ಮೂಗಿನ ಹತ್ತಿರ ಹಿಡಿದರೆ ಇವತ್ತಿಗೂ ಎಣ್ಣೆ ವಾಸನೆ ಇದೆ. ಪಕ್ಕದಲ್ಲಿ ಅಗಿದ ಗುರುತು ಇದೆ. ಇದು ಗೊಟ್ಟ, ದನಕ್ಕೆ ಔಷಧ ಹುಯ್ಯೋದು. ಆ ಹಲ್ಲಿನ ಗುರುತು ನೋಡಿ, ಅದೂ ಒಂದು ಸಾಕ್ಷಿಯೇ. ದನಕ್ಕೆ ಮೇಲು ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಗೊಟ್ಟವನ್ನು ಬಾಯಿಯ ಪಕ್ಕದ ಸಂದಿಯಿಂದ ತೂರಿಸಬೇಕು, ಆಗ ಅಗಿಯೋದು ಹಿಂದಿನ ದವಡೆ ಹಲ್ಲು. ಅದಕ್ಕೇ ಗುರುತು ಅಗಲವಾಗಿ, ಜಜ್ಜಿದ ಹಾಗೆ ಬಿದ್ದಿದೆ. ಹುಯ್ಯೋದೂ ನಿಧಾನವಾಗಿ, ಗುಟುಕು ಗುಟುಕಾಗಿ. ಅವಸರ ಮಾಡಿ ಶ್ವಾಸಕ್ಕೆ ಹತ್ತಿದರೆ ದನ ಕೈಬಿಟ್ಟಿತು ಅಂತಲೇ ಲೆಕ್ಕ. ಒಂದು ತುಂಡು ಬಿದಿರು ಅಂತ ತಳ್ಳಿಹಾಕೋ ಸಾಮಾನಲ್ಲ ಇದು.

ಮೂರನೆಯದು ಉದ್ದದ್ದು. ಬೆಳಕಿಗೆ ಹಿಡಿದು ಒಳಗೆ ನೋಡಿ, ಗೆಣ್ಣುಗಳನ್ನೆಲ್ಲ ಒಳಗಿಂದ ಒಡೆದು ದಾರಿ ಮಾಡಿದ್ದಾರೆ. ಮೇಲ್ಗಡೆ ಬಾಯಿ ಅಗಲ, ಕೆಳಗಡೆ ಚೂಪು, ನಡುವೆ ಹಗ್ಗ ಬಿಗಿದ ಗುರುತು, ತುದಿಯಲ್ಲಿ ಈಗಲೂ ಕೆಂಪು ಮಣ್ಣು. ಇದು ಸಡ್ಡೆ. ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆಸೋರು. ಹೆಣ್ಣುಮಗಳೊಬ್ಬಳು ಮಡಿಲಿನಲ್ಲಿ ಅವರೆಯೋ ತೊಗರಿಯೋ ಕಟ್ಟಿಕೊಂಡು, ಒಂದು ಕೈಯಲ್ಲಿ ಸಡ್ಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಾಳು ಬಿಡ್ತಾ ನಡೆಯೋಳು. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಬರ್ತಿದ್ದದ್ದು ಹೀಗೆ. ಈ ಕೊಳವೆಯ ಬಾಯಿ ಒಂದೇ ಪಕ್ಕಕ್ಕೆ ಸವೆದಿದೆ. ಅವಳ ಮುಷ್ಟಿ ತಾಗ್ತಿದ್ದ ಪಕ್ಕ ಅದು.

ಅದರ ಜೊತೆಗೇ ಕೂರಿಗೆ ಬಟ್ಟಲನ್ನೂ ನೋಡಬೇಕು. ಮರದ ಬಟ್ಟಲು, ತಳದಲ್ಲಿ ಸುತ್ತ ತೂತು. ಇದನ್ನು ತಂದ ಹುಡುಗ ದೀಪದ ಕಂಬದ ಬುಡ ಅಂತ ತಿಳಿದಿದ್ದ. ತೂತು ಎಣಿಸಿದರೆ ಎಷ್ಟು ತಾಳಿನ ಕೂರಿಗೆ ಅನ್ನೋದು ಗೊತ್ತಾಗುತ್ತೆ. ಒಂದೊಂದು ತೂತಿಗೂ ಒಂದೊಂದು ಬಿದಿರ ಕೊಳವೆ, ಒಂದೊಂದು ಕೊಳವೆಗೂ ಹೊಲದಲ್ಲಿ ಒಂದು ಸಾಲು. ಬಿತ್ತುವವನು ಮುಷ್ಟಿಯಿಂದ ಬೆರಳ ಸಂದಿಯಲ್ಲಿ ರಾಗಿ ಉದುರಿಸ್ತಾ ಎಲ್ಲಾ ತೂತಿಗೂ ಸಮನಾಗಿ ಹಂಚಬೇಕು. ಒಂದು ಕೊಳವೆಗೆ ಮಣ್ಣು ಕಟ್ಟಿಕೊಂಡರೆ ಅವತ್ತು ತಿಳಿಯೋದಿಲ್ಲ. ವಾರ ಕಳೆದು ಪೈರು ಎದ್ದ ಮೇಲೆ ಆ ಸಾಲು ಬೋಳು. ದಾರೀಲಿ ಹೋಗೋರೆಲ್ಲ "ಯಾರಪ್ಪಾ ಬಿತ್ತಿದ್ದು" ಅಂತ ಕೇಳೋರು. ಊರಿನಲ್ಲಿ ಬಿತ್ತೋ ಕೈ ಅಂತ ಹೆಸರಾದವರು ನಾಲ್ಕೈದು ಜನಕ್ಕಿಂತ ಹೆಚ್ಚಿಗೆ ಇರ್ತಿರಲಿಲ್ಲ.

ಇನ್ನು ಕಬ್ಬಿಣದ ಸಾಮಾನು. ಅಲ್ಲಿ ಬಾಯಿ ನೋಡಬೇಕು, ಅಂದರೆ ಮಸೆದ ಅಂಚು. ಗಿಡ್ಡ ಗುದ್ದಲಿ ಅಂತ ಕೊಟ್ಟ ಒಂದು ಸಾಮಾನು ನಿಜಕ್ಕೂ ಬಡಗಿಯ ಬಾಚಿ. ಎರಡರಲ್ಲೂ ತಗಡು ಕಾವಿಗೆ ಅಡ್ಡವಾಗಿರೋದರಿಂದ ಮೋಸ ಹೋಗೋದು ಸಹಜ. ಆದರೆ ಬಾಚಿಯನ್ನು ಒಳಮುಖಕ್ಕೆ ಮಾತ್ರ ಮಸೆದಿರ್ತಾರೆ, ಹೊರಮುಖ ಚಪ್ಪಟೆ. ಮರದ ಮೈ ಸವರಿಕೊಂಡು ಹೋಗಬೇಕಲ್ಲ. ಗುದ್ದಲಿಗೆ ಇಷ್ಟು ನಾಜೂಕು ಬೇಕಿಲ್ಲ, ಮಣ್ಣು ಕಲ್ಲು ತಾಗಿ ಅದರ ಮೂಲೆಗಳು ದುಂಡಾಗಿರ್ತವೆ. ಕೊಡಲಿಯಾದರೆ ಬಾಯಿ ಕಾವಿನ ನೇರಕ್ಕೇ ಇರುತ್ತೆ, ಮಸೆದಿರೋದೂ ಎರಡು ಕಡೆ.

ಅದೇ ಬಡಗಿಯ ಮನೆಯಿಂದ ಬಂದ ಇನ್ನೊಂದು ಸಾಮಾನಿಗೆ ಯಾರೂ ಹೆಸರು ಹೇಳಿರಲಿಲ್ಲ. ಗೇಣುದ್ದದ ಮರದ ಕಡ್ಡಿ, ತುದಿಯಲ್ಲಿ ಕಬ್ಬಿಣದ ಮೊಳೆ, ಮೈಸುತ್ತ ಹಗ್ಗ ಉಜ್ಜಿದ ಗೀರು. ಮಜ್ಜಿಗೆ ಕಡೆಯೋ ಕಡಗೋಲಿಗೂ ಹಗ್ಗದ ಗೀರು ಇರುತ್ತೆ, ಆದರೆ ಅದರ ತುದಿಯಲ್ಲಿ ಮೊಳೆಗೆ ಏನು ಕೆಲಸ? ಪಕ್ಕದ ಊರಿನ ವಯಸ್ಸಾದ ಆಚಾರ್ರ ಹತ್ತಿರ ತಗೊಂಡು ಹೋದೆವು. ಅವರು ಮಾತೇ ಆಡಲಿಲ್ಲ. ಒಂದು ಬೆತ್ತ ಬಗ್ಗಿಸಿ, ದಾರ ಕಟ್ಟಿ ಬಿಲ್ಲು ಮಾಡಿ, ದಾರವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ, ಮೇಲೆ ತೆಂಗಿನ ಚಿಪ್ಪು ಒತ್ತಿ ಹಿಡಿದು ಹಿಂದೆ ಮುಂದೆ ಎಳೆದರು. ಹಲಗೆಯಲ್ಲಿ ತೂತು ಬಿತ್ತು. ಬೈರಿಗೆ! ಅವತ್ತು ಮಧ್ಯಾಹ್ನ ಒಂದೇ ಸಲಕ್ಕೆ ಹನ್ನೊಂದು ಸಾಮಾನಿಗೆ ಅವರು ಹೆಸರು ಹೇಳಿದರು. ಉಳಿದವನ್ನು ಮುಂದಿನ ವಾರ ತರ್ತೀವಿ ಅಂತ ಬಂದೆವು. ಮುಂದಿನ ವಾರ ಹೋಗುವಷ್ಟರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿತ್ತು. ಸಾಮಾನು ತೋರಿಸಿದರೆ ಕಣ್ಣಿನಲ್ಲಿ ಗುರುತು ಹತ್ತಿದ್ದು ಕಾಣುತ್ತೆ, ಬಾಯಿ ಬರೋದಿಲ್ಲ. ಆ ಚೀಲವನ್ನು ಹಾಗೇ ಹೊತ್ತುಕೊಂಡು ವಾಪಸು ಬಂದೆವು.

ಒಳಗೆ ಎಡಗಡೆ ಗೋಡೆಗೆ ಕುಡುಗೋಲುಗಳನ್ನು ಸಾಲಾಗಿ ನೇತುಹಾಕಿದೆ. ಹಲ್ಲಿನ ಕುಡುಗೋಲು ಪೈರು ಕೊಯ್ಯೋಕೆ, ಹಲ್ಲಿಲ್ಲದ್ದು ಹುಲ್ಲು ಸೊಪ್ಪಿಗೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅದರಲ್ಲಿ ಒಂದನ್ನು ಹಿಡಿದು ಕೊಯ್ಯೋಕೆ ಹೋದರೆ ಜಾರುತ್ತೆ, ಎಷ್ಟು ಮಸೆದರೂ ಅಷ್ಟೇ. ತಿರುಗಿಸಿ ನೋಡಿದರೆ ಹಲ್ಲು ಕಡಿದಿರೋದು ಉಳಿದವಕ್ಕೆಲ್ಲ ಉಲ್ಟಾ ಮುಖದಲ್ಲಿ. ಎಡಚರಿಗೆ ಅಂತ ಕುಲುಮೆಯಲ್ಲಿ ಹೇಳಿ ಮಾಡಿಸಿದ ಕುಡುಗೋಲು ಅದು. ತಂದುಕೊಟ್ಟ ಮನೆಯವರನ್ನು ಕೇಳಿದರೆ ಎಡಚರು ಯಾರೂ ಇಲ್ಲ ಅಂದರು. ಆಮೇಲೆ ಆ ಮನೆಯ ಸೋದರತ್ತೆ ಬಂದು ನೋಡಿ, "ಇದು ನಮ್ಮವ್ವಂದು ಕಣ್ರಪ್ಪಾ" ಅಂದರು. ಊಟಕ್ಕೆ ಬಲಗೈ ಅಂತ ಬೈಸಿಕೊಂಡು ಬಲಗೈಯಲ್ಲೇ ಉಂಡ ಹೆಂಗಸು, ಹೊಲದಲ್ಲಿ ಮಾತ್ರ ಎಡಗೈಯಲ್ಲಿ ಕೊಯ್ತಿದ್ದರಂತೆ. ಮೊಮ್ಮಕ್ಕಳಿಗೆ ಅಜ್ಜಿಯ ಫೋಟೋ ಒಂದೂ ಇಲ್ಲ. ಈ ಕುಡುಗೋಲಿದೆ.

ಪಕ್ಕದಲ್ಲಿ ಅರ್ಧಚಂದ್ರದ ಹಾಗಿರುವ ಸಣ್ಣ ತಗಡಿನ ಚೂರುಗಳು ಎತ್ತಿನ ಲಾಳ. ಕುದುರೆಗೆ ಗೊರಸು ಒಂದೇ, ಲಾಳವೂ ಇಡೀದು. ಎತ್ತಿಗೆ ಗೊರಸು ಸೀಳು, ಒಂದು ಕಾಲಿಗೆ ಎರಡು ಚೂರು ಬೇಕು. ಹೊರಗೆ ಅರಳಿಕಟ್ಟೆ ಹತ್ತಿರ ಹುಡುಗರು ಕೂತು ಮೊಬೈಲು ನೋಡುವ ಉರುಟು ಕಲ್ಲು ದೇವಸ್ಥಾನದ ಕಂಬವಲ್ಲ, ಕಣದ ರೋಣಗಲ್ಲು. ಎರಡೂ ತುದಿಯ ಗುಳಿ ನೋಡಿ ಬೇಕಾದರೆ.

ಹೆಸರಿನ ವಿಷಯಕ್ಕೆ ಒಂದು ಜಗಳವೂ ಆಯಿತು. ನಾವು ನೇಗಿಲು ಅಂತ ಚೀಟಿ ಅಂಟಿಸಿದರೆ ಹಾವೇರಿ ಕಡೆಯಿಂದ ಬಂದ ಸೊಸೆಯೊಬ್ಬರು "ನಮ್ಮಲ್ಲಿ ಇದಕ್ಕ ರಂಟಿ ಅಂತೀವ್ರೀ" ಅಂದರು. ಅವರದು ಸರಿ, ನಮ್ಮದೂ ಸರಿ. ಚೀಟಿಯಲ್ಲಿ ಎರಡೂ ಬರೆದಿದ್ದೇವೆ. ಹೆಸರು ತಾಳೆ ನೋಡೋಕೆ ಕಿಟೆಲ್ ಸಾಹೇಬರ ನಿಘಂಟು ಉಪಯೋಗಕ್ಕೆ ಬಂತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ, ನಮ್ಮ ಮುತ್ತಜ್ಜಂದಿರು ಆಡ್ತಿದ್ದ ಎಷ್ಟೋ ಮಾತು ಅದರಲ್ಲಿವೆ. ಅದಕ್ಕೂ ಹಿಂದೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನುವ ವೈದ್ಯರನ್ನು 1800ರಲ್ಲಿ ಮೈಸೂರು ಸೀಮೆ ಸುತ್ತಿ ಬರಲು ಕಳಿಸಿತ್ತು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂದ ಅವರ ಪುಸ್ತಕದಲ್ಲಿ ನಮ್ಮ ಉಳುಮೆ, ಬಿತ್ತನೆ ಸಾಮಾನಿನ ವಿವರವಿದೆ, ಕೂರಿಗೆಯೂ ಇದೆ. ಪರದೇಶದವರು ಕೇಳಿ ಕೇಳಿ ಬರೆದುಕೊಂಡರು. ಮನೆಯಲ್ಲೇ ಇದ್ದ ನಾವು ಕೇಳಲಿಲ್ಲ. ನಮ್ಮವರಲ್ಲಿ ಈ ಕೆಲಸ ಮಾಡಿದ ಎಚ್.ಎಲ್. ನಾಗೇಗೌಡರನ್ನು ನೆನೆಯಲೇಬೇಕು. ರಾಮನಗರದ ಹತ್ತಿರ ಅವರು ಕಟ್ಟಿದ ಜಾನಪದ ಲೋಕಕ್ಕೆ ಹೋಗಿ ಬನ್ನಿ, ಬೆಂಗಳೂರು ಮೈಸೂರು ಹಳೇ ರಸ್ತೆಯಲ್ಲೇ ಇದೆ. ಮಕ್ಕಳನ್ನು ಮಾತ್ರವಲ್ಲ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಅಲ್ಲಿನ ಸಾಮಾನು ನೋಡ್ತಾ ಅವರು ಆಡೋ ಮಾತು ಯಾವ ಚೀಟಿಯಲ್ಲೂ ಇರೋದಿಲ್ಲ.

ಒಂದು ಎಚ್ಚರಿಕೆ. ಪ್ರದರ್ಶನಕ್ಕೆ ಅಂತ ಉತ್ಸಾಹದಲ್ಲಿ ಒಬ್ಬ ಯುವಕ ಮಿತ್ರರು ತಮ್ಮ ತಾತನ ಕುಂಟೆಗೆ ಕೆಂಪು ಪೇಂಟು ಬಳಿದು ತಂದರು. ಫಳಫಳ ಹೊಳೆಯುತ್ತೆ, ಆದರೆ ಹಗ್ಗದ ಗುರುತು, ಕೈಯ ಗುರುತು ಎಲ್ಲ ಪೇಂಟಿನ ಕೆಳಗೆ ಹೋಯಿತು. ಉಪ್ಪುಕಾಗದ ಹಾಕಿ ತಿಕ್ಕಬೇಡಿ, ಪೇಂಟು ಬಳಿಯಬೇಡಿ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಕಬ್ಬಿಣಕ್ಕೆ ತೆಳ್ಳಗೆ ಎಣ್ಣೆ ಸವರಿ, ನೆಲದ ತೇವ ತಾಗದ ಹಾಗೆ ಇಡಿ. ಅಂಟಿರುವ ಮಣ್ಣನ್ನೂ ಈಗಲೇ ಕೆರೆಯಬೇಡಿ. ಯಾವ ಹೊಲದಲ್ಲಿ ಓಡಾಡಿತ್ತು ಅನ್ನೋದಕ್ಕೆ ಅದೂ ಗುರುತು.

ಸಂಘದ ಕಚೇರಿಯಲ್ಲಿ ಇದಕ್ಕೇ ಒಂದು ರಿಜಿಸ್ಟರು ತೆರೆದಿದ್ದೇವೆ. ಹೆಸರು, ಬೇರೆ ಕಡೆಯ ಹೆಸರು, ಯಾವ ಮನೆಯದು, ಹಿಡಿದು ದುಡಿದವರು ಯಾರು, ಗುರುತು ಹೇಳಿದವರು ಯಾರು, ಇಷ್ಟು ಕಲಂ ಇವೆ. ಸಾಮಾನು ಸಂಘಕ್ಕೆ ಕೊಡಬೇಕು ಅಂತೇನಿಲ್ಲ. ತಂದು ತೋರಿಸಿ, ಬರೆಸಿ, ವಾಪಸು ಮನೆಗೆ ತಗೊಂಡು ಹೋಗಿ. ತರೋಕಾಗದವರು ಹೇಳಿ ಕಳಿಸಿ, ಸೋಮವಾರ ಸೋಮವಾರ ನಮ್ಮಲ್ಲಿ ಇಬ್ಬರು ಬರ್ತೀವಿ. ಆಚಾರ್ರ ಚೀಲದಲ್ಲಿ ಉಳಿದ ಸಾಮಾನನ್ನೆಲ್ಲ ಕೊನೆಯ ಮೇಜಿನ ಮೇಲೆ ಚೀಟಿ ಇಲ್ಲದೆ ಹಾಗೇ ಇಟ್ಟಿದ್ದೇವೆ. ಎಪ್ಪತ್ತು ದಾಟಿದ ಹಿರಿಯರು ದಯವಿಟ್ಟು ಮೊದಲು ಆ ಮೇಜಿನ ಹತ್ತಿರ ಹೋಗಿ. ಮುಟ್ಟಬೇಡಿ ಅಂತ ಯಾರೂ ತಡೆಯೋದಿಲ್ಲ, ಎತ್ತಿ ಹಿಡಿದೇ ನೋಡಿ. ಅಲ್ಲಿ ನಮ್ಮ ಗುಮಾಸ್ತರು ಪುಸ್ತಕ ಹಿಡಿದು ಕೂತಿದ್ದಾರೆ.

ಇನ್ನೊಂದು ಸೂಚನೆ. ಮೊದಲನೇ ಮೇಜಿನ ಗೊಟ್ಟ ನಮ್ಮ ಮೇಲಿನ ಬೀದಿ ಅಜ್ಜಿಯವರದು. ಇಲ್ಲೇ ಇರಲಿ ಅಂತ ಕೇಳಿಕೊಂಡೆವು, ಒಪ್ಪಲಿಲ್ಲ. "ರಾತ್ರಿ ಎಮ್ಮೆಗೆ ಹೊಟ್ಟೆ ಉಬ್ಬರಿಸಿದ್ರೆ ನಿಮ್ಮ ಗೋದಾಮಿನ ಬೀಗ ಒಡೀಲಾ?" ಅಂದರು. ಸಾಯಂಕಾಲ ಐದು ಗಂಟೆಗೆ ಸರಿಯಾಗಿ ಬಂದು ತಗೊಂಡು ಹೋಗ್ತಾರೆ. ನೋಡೋರು ಅಷ್ಟರೊಳಗೆ ನೋಡಿಬಿಡಿ.