ಘಾಟಿಯ ತುದಿ ಹುಡುಕೋ ಲೆಕ್ಕ

ಈ ಸಲ ಯೂರಿಯಾ ಮೂಟೆಯಿಂದ ಶುರು ಮಾಡೋಣ.

ಯೂರಿಯಾ ಆಗೋದು ಅಮೋನಿಯಾದಿಂದ. ಅಮೋನಿಯಾಗೆ ಬೇಕಾದ ನೈಟ್ರೋಜನ್ ಗಾಳಿಯಲ್ಲೇ ಇದೆ, ನೂರಕ್ಕೆ 78 ಭಾಗ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧ ಹಾಕಿಕೊಂಡು ಗಟ್ಟಿಯಾಗಿ ಕೂತಿರುತ್ತವೆ. ಆ ಜೋಡಿಯನ್ನು ಬಿಡಿಸೋದೇ ಕಷ್ಟದ ಕೆಲಸ. ಅದು ನಡೆಯೋದು ಲೋಹದ ಮೇಲ್ಮೈಯಲ್ಲಿ. ಹೆಚ್ಚಿನ ಕಾರ್ಖಾನೆಗಳಲ್ಲಿ ಕಬ್ಬಿಣ, ಕೆಲವು ಕಡೆ ರುಥೇನಿಯಂ.

ಕಾಮರ್ಸ್ ಓದಿದ ನನಗೆ ಇದು ತಲೆಗೆ ಹೋಗಿದ್ದು ಘಾಟಿ ರಸ್ತೆಯ ಲೆಕ್ಕದಲ್ಲಿ. ಜೋಡಿಯಾಗಿರೋ ನೈಟ್ರೋಜನ್ ಒಂದು ಕಣಿವೆ, ಬಿಡಿಯಾದದ್ದು ಇನ್ನೊಂದು ಕಣಿವೆ. ಮಧ್ಯೆ ಬೆಟ್ಟ. ಅದನ್ನು ದಾಟೋ ಸುಲಭದ ದಾರಿಯಲ್ಲಿ ಅತಿ ಎತ್ತರದ ಜಾಗ ಯಾವುದೋ, ಅದೇ ಟ್ರಾನ್ಸಿಷನ್ ಸ್ಟೇಟ್. ರಸ್ತೆಯುದ್ದಕ್ಕೂ ನೋಡಿದರೆ ಅಲ್ಲಿಂದ ಎರಡೂ ಕಡೆ ಇಳಿಜಾರು, ಪಕ್ಕಕ್ಕೆ ನೋಡಿದರೆ ಏರು. ಅಣುಗಳು ಅಲ್ಲಿ ಇರೋದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು. ಹಾಗಾಗಿ ಕಂಪ್ಯೂಟರಲ್ಲಿ ಹುಡುಕಬೇಕು.

ಹೇಗೆ? ಎರಡು ಕಣಿವೆಗಳ ನಡುವೆ ಮಣಿ ಪೋಣಿಸಿದ ರಬ್ಬರ್ ಬ್ಯಾಂಡ್ ಎಳೆದು ಕಟ್ಟಿದ್ದೀವಿ ಅಂದುಕೊಳ್ಳಿ. ಒಂದೊಂದು ಮಣಿಯೂ ಪರಮಾಣುಗಳ ಒಂದೊಂದು ಜೋಡಣೆ. ಪ್ರತಿ ಮಣಿ ಮೇಲಿನ ಬಲವನ್ನು ಕ್ವಾಂಟಮ್ ಲೆಕ್ಕದಿಂದ ಕಂಡುಹಿಡಿದು, ಬ್ಯಾಂಡನ್ನು ಪಕ್ಕಕ್ಕೆ ಸರಿಸುತ್ತಾ ಸರಿಸುತ್ತಾ ಕಡಿಮೆ ಏರಿನ ದಾರಿಗೆ ತರ್ತಾರೆ. ಮಣಿಗಳು ಒಂದೇ ಕಡೆ ಗುಂಪಾಗದ ಹಾಗೆ ಸ್ಪ್ರಿಂಗ್ ನೋಡಿಕೊಳ್ಳುತ್ತೆ. ಇದರ ಹೆಸರು ನಡ್ಜ್ಡ್ ಇಲಾಸ್ಟಿಕ್ ಬ್ಯಾಂಡ್. 2000ದಲ್ಲಿ ಹೆಂಕೆಲ್ಮನ್, ಉಬೆರುವಾಗ, ಯೋನ್ಸನ್ ಇದಕ್ಕೊಂದು ಸುಧಾರಣೆ ತಂದರು: ಎಲ್ಲಕ್ಕಿಂತ ಮೇಲಿರೋ ಮಣಿಯ ಸ್ಪ್ರಿಂಗ್ ಬಿಚ್ಚಿ, ಅದನ್ನು ದಾರಿಯುದ್ದಕ್ಕೂ ಮೇಲಕ್ಕೆ ಹತ್ತಿಸಿ, ನೇರ ತುದಿಗೇ ಮುಟ್ಟಿಸೋದು.

ಆದರೆ ಒಂದು ಸಮಸ್ಯೆ ಇದೆ. ಮಂಗಳೂರಿಂದ ಬೆಂಗಳೂರಿಗೆ ನೀವು ಬ್ಯಾಂಡನ್ನು ಚಾರ್ಮಾಡಿ ಮೇಲೆ ಎಳೆದರೆ, ಅದು ಚಾರ್ಮಾಡಿಯ ತುದಿಯನ್ನು ಚೆನ್ನಾಗಿ ಹುಡುಕಿಕೊಡುತ್ತೆ. ಶಿರಾಡಿ ಅಂತ ಇನ್ನೊಂದು ದಾರಿ ಇದೆ ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ.

ಇದು ಸಣ್ಣ ವಿಷಯ ಅಲ್ಲ. 1999ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ರುಥೇನಿಯಂ ಮೇಲೆ ಪ್ರಯೋಗ, ಲೆಕ್ಕ ಎರಡನ್ನೂ ಮಾಡಿದರು. ಲೋಹದ ಮೇಲ್ಮೈ ಪೂರ್ತಿ ಸಮತಟ್ಟಾಗಿರಲ್ಲ, ಪರಮಾಣು ಎತ್ತರದ ಮೆಟ್ಟಿಲುಗಳಿರುತ್ತವೆ. ಸ್ವಲ್ಪ ಚಿನ್ನ ಹಾಕಿ ಆ ಮೆಟ್ಟಿಲಂಚುಗಳನ್ನು ಮುಚ್ಚಿದಾಗ ನೈಟ್ರೋಜನ್ ಒಡೆಯೋ ಕೆಲಸ ಬಹುತೇಕ ನಿಂತೇಹೋಯಿತು. ಸಮತಟ್ಟು ಜಾಗದಲ್ಲಿ ದಾಟಬೇಕಾದ ತಡೆ ಸುಮಾರು 1.3 ಎಲೆಕ್ಟ್ರಾನ್ ವೋಲ್ಟ್, ಮೆಟ್ಟಿಲಂಚಲ್ಲಿ ಬರೀ 0.4. ಸುಮಾರು 227 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ 0.1ಕ್ಕೆ ವೇಗ ಹತ್ತು ಪಟ್ಟು ಬದಲಾಗುತ್ತೆ. ಹಾಗಾಗಿ ಒಟ್ಟು ವ್ಯತ್ಯಾಸ ಕನಿಷ್ಠ ನೂರು ಕೋಟಿ ಪಟ್ಟು!

ಸಮತಟ್ಟು ಜಾಗ ಮಾತ್ರ ಲೆಕ್ಕ ಹಾಕಿದವರಿಗೆ ಇದೇ ರುಥೇನಿಯಂ ಕೆಲಸಕ್ಕೆ ಬಾರದ ಲೋಹ ಅಂತ ಕಾಣಿಸ್ತಿತ್ತು. ಕಡಿಮೆ ಬಿಸಿಯಲ್ಲಿ, ಕಡಿಮೆ ಇಂಧನದಲ್ಲಿ ಅಮೋನಿಯಾ ಮಾಡೋ ಹೊಸ ಲೋಹಗಳನ್ನು ಇವತ್ತು ಕಂಪ್ಯೂಟರಲ್ಲೇ ಸೋಸ್ತಾ ಇದ್ದಾರೆ. ಅದಕ್ಕೇ ಹೇಳೋದು, ಉತ್ತರ ಎಷ್ಟು ಬಂತು ಅಂತ ಕೇಳೋ ಮೊದಲು ಬ್ಯಾಂಡ್ ಎಲ್ಲೆಲ್ಲಿ ಎಳೆದು ನೋಡಿದ್ರಿ ಅಂತ ಕೇಳಿ.

ಮುಂದಿನ ಕಂತಲ್ಲಿ ಸಿಗೋಣ.